ಹೊಳೆಯಿಂದ ತಂದ ಕಲ್ಲುಗಳನ್ನು ಸಿಹಿನೀರಿನ ಟ್ಯಾಂಕಿಗೆ ಹಾಕಬಹುದಾ? ಪರೀಕ್ಷೆ ಮಾಡೋದು ಹೇಗೆ?

ಹೊಸತೊಟ್ಟಿ:

ಎಲ್ಲರಿಗೂ ನಮಸ್ಕಾರ. ನನ್ನದು 100 ಲೀಟರಿನ ಹೊಸ ಟ್ಯಾಂಕ್. ಇನ್ನೂ ಮೀನು ಬಿಟ್ಟಿಲ್ಲ, ಫಿಲ್ಟರ್ ಮಾತ್ರ ಓಡ್ತಾ ಇದೆ. ನಿಯಾನ್ ಟೆಟ್ರಾ, ಒಂದಷ್ಟು ಕೋರಿಡೋರಾಸ್ (ತಳದಲ್ಲಿ ಓಡಾಡೋ ಪುಟ್ಟ ಮೀಸೆಮೀನು), ಆಮೇಲೆ ಚೆರ್ರಿ ಸೀಗಡಿ ಸಾಕಬೇಕು ಅಂತ ಆಸೆ. ನಲ್ಲಿ ನೀರು ಟೆಸ್ಟ್ ಕಿಟ್‌ನಲ್ಲಿ ನೋಡಿದೆ: ಕೆಎಚ್ (ನೀರಿನ ಕಾರ್ಬೊನೇಟ್ ಗಡಸುತನ) 3 ಡಿಗ್ರಿ, ಜಿಎಚ್ (ಒಟ್ಟು ಗಡಸುತನ) 5 ಡಿಗ್ರಿ, ಪಿಎಚ್ 7.2.

ಒಳಗೆ ಹಾಕೋಕೆ ಹೊಳೆ ದಂಡೆಯಿಂದ ಸ್ವಲ್ಪ ಕಲ್ಲು ಆರಿಸಿಕೊಂಡು ಬಂದಿದ್ದೀನಿ. ಹೆಚ್ಚಿನವು ಕಪ್ಪಗೆ, ಉರುಟಾಗಿ, ನುಣ್ಣಗಿವೆ. ಒಂದು ಬೂದು ಬಣ್ಣದ್ದು, ಮುಷ್ಟಿಗಿಂತ ದೊಡ್ಡದು, ಅದರ ನಡುವೆ ಬೆರಳಗಲದ ಬಿಳಿ ಪಟ್ಟೆ ಹಾದುಹೋಗಿದೆ. ನೋಡೋಕೆ ಅದೇ ಎಲ್ಲಕ್ಕಿಂತ ಚೆಂದ. ಇನ್ನೊಂದು ಚಪ್ಪಟೆ, ಕಂದು ಬಣ್ಣ, ಪದರ ಪದರವಾಗಿದೆ. ಮತ್ತೊಂದರಲ್ಲಿ ಬಿಸಿಲಿಗೆ ಹಿಡಿದರೆ ಚಿನ್ನದ ಚುಕ್ಕೆಗಳು ಮಿನುಗ್ತವೆ.

ಸ್ನೇಹಿತರೊಬ್ಬರು "ಹೊಳೆಯ ಕಲ್ಲಲ್ವಾ, ಇಷ್ಟು ವರ್ಷ ನೀರಲ್ಲೇ ಇದ್ದದ್ದು, ಮೀನುಗಳ ಜೊತೆಗೇ ಇದ್ದದ್ದು, ತೊಳೆದು ಹಾಕಿ" ಅಂತಾರೆ. ಇನ್ನೊಬ್ಬರು ಕುದಿಸಲೇಬೇಕು ಅಂತಾರೆ. ವಿನೆಗರ್ ಹಾಕಿ ಗುಳ್ಳೆ ಬರದಿದ್ದರೆ ಸಾಕು ಅಂತ ಎಲ್ಲೋ ಓದಿದೆ. ಮೀನು ತಂದ ಮೇಲೆ ಒದ್ದಾಡೋದು ಬೇಡ ಅಂತ ಮೊದಲೇ ಕೇಳ್ತಾ ಇದ್ದೀನಿ.

ನೀರ್ಗುಳ್ಳೆ:

ನಾನು ಯಾವಾಗಲೂ ದೊಡ್ಡ ಪಾತ್ರೆಯಲ್ಲಿ ಅರ್ಧ ಗಂಟೆ ಕುದಿಸಿಯೇ ಹಾಕೋದು. ಇವತ್ತಿನವರೆಗೆ ಏನೂ ಆಗಿಲ್ಲ. ಕ್ರಿಮಿ ಎಲ್ಲ ಸಾಯುತ್ತೆ, ಪಾಚಿಯೂ ಬಿಡುತ್ತೆ.

ಬೆಣಚು:

ನಾನು ಭೂವಿಜ್ಞಾನ ಪಾಠ ಮಾಡುವವಳು, ಮನೆಯಲ್ಲಿ ಮೀನು ಸಾಕುವವಳು. ಎರಡೂ ಸೇರುವ ಪ್ರಶ್ನೆ ಕೇಳಿದ್ದೀರಿ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನಿಮ್ಮ ಸ್ನೇಹಿತರ ಮಾತು. ಹೊಳೆಯಲ್ಲಿ ಕಲ್ಲಿನಿಂದ ಏನೇ ಕರಗಿದರೂ ಹರಿಯುವ ನೀರು ಆ ಕ್ಷಣವೇ ಒಯ್ದುಬಿಡುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಅದೇ 100 ಲೀಟರ್ ನೀರು ಅದೇ ಕಲ್ಲನ್ನು ಹಗಲೂ ರಾತ್ರಿ ಸುತ್ತುತ್ತಿರುತ್ತದೆ. ಕರಗಿದ್ದು ಹೊರಹೋಗುವುದು ನೀವು ನೀರು ಬದಲಿಸಿದಾಗ ಮಾತ್ರ. ಹೊಳೆಯಲ್ಲಿ ಮೀನುಗಳ ಜೊತೆ ಇತ್ತು ಅನ್ನುವುದರಿಂದ ನಮಗೆ ತಿಳಿಯುವುದು ತೀರಾ ಕಡಿಮೆ. ನಾವು ತಿಳಿಯಬೇಕಾದದ್ದು, ನಿಮ್ಮ ನಲ್ಲಿ ನೀರಿನಲ್ಲಿ ಈ ಕಲ್ಲು ಎಷ್ಟು ದಿನಕ್ಕೆ ಎಷ್ಟು ಬಿಡುತ್ತದೆ ಎಂಬುದನ್ನು.

ಬಿಡುವ ವಸ್ತುಗಳಲ್ಲಿ ಸಾಮಾನ್ಯವಾದದ್ದು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣಕಲ್ಲು, ಅಮೃತಶಿಲೆ, ಹವಳ, ಕಪ್ಪೆಚಿಪ್ಪು ಎಲ್ಲ ಇದೇ. ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಇದನ್ನು ನಿಧಾನವಾಗಿ ಕರಗಿಸುತ್ತದೆ. ಕ್ಯಾಲ್ಸಿಯಂ ಸೇರಿ ಜಿಎಚ್ ಏರುತ್ತದೆ, ಬೈಕಾರ್ಬೊನೇಟ್ ಸೇರಿ ಕೆಎಚ್ ಏರುತ್ತದೆ, ಅದರ ಹಿಂದೆಯೇ ಪಿಎಚ್. ಮೀನು ಉಸಿರಾಡಿದಾಗಲೂ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಗಿಡಕ್ಕೆಂದು ಸಿಲಿಂಡರಿನಿಂದ ಕೊಡುವವರ ಟ್ಯಾಂಕಿನಲ್ಲಂತೂ ಕರಗುವಿಕೆ ಇನ್ನೂ ಜೋರು. ನಿಮ್ಮ ನೀರು ಮೃದು. ಮೊದಲೇ ಗಡಸಾಗಿರುವ, ಕ್ಷಾರೀಯ ನೀರಿನವರಿಗೆ ಇದೇ ಕಲ್ಲು ಏನೂ ಮಾಡದೆ ಕೂತಿರಬಹುದು. ಮತ್ತೊಬ್ಬರ ಟ್ಯಾಂಕಿನ ಅನುಭವ ನಿಮಗೆ ಹೊಂದದೇ ಇರುವುದು ಇದಕ್ಕೇ.

ಈಗ ನಿಮ್ಮ ಕಲ್ಲುಗಳು. ಉರುಟಾದ ಕಪ್ಪು ಕಲ್ಲುಗಳು ಬಸಾಲ್ಟ್ ಅಥವಾ ಅಂಥದೇ ಗಟ್ಟಿ ಶಿಲೆ ಇರಬಹುದು. ಗ್ರಾನೈಟ್, ಬಸಾಲ್ಟ್, ಬೆಣಚುಕಲ್ಲು ಇವೆಲ್ಲ ಮೀನಿನ ಟ್ಯಾಂಕಿಗೆ ಹೆದರದೆ ಹಾಕಬಹುದಾದವು. ಆದರೆ ಕಪ್ಪು ಸುಣ್ಣಕಲ್ಲೂ ಇರುತ್ತದೆ, ಬಣ್ಣ ನೋಡಿ ಹೇಳಲು ಬರುವುದಿಲ್ಲ. ಒಂದೊಂದನ್ನೂ ಪರೀಕ್ಷಿಸಿ.

ಬಿಳಿ ಪಟ್ಟೆಯ ಕಲ್ಲಿಗೆ ಹೆಚ್ಚು ಸಮಯ ಕೊಡಿ. ಬಂಡೆಯ ಬಿರುಕಿನಲ್ಲಿ ಖನಿಜ ಕೂತು ಆ ಪಟ್ಟೆ ಆಗಿದೆ. ಅದು ಬೆಣಚು ಇರಬಹುದು, ಕ್ಯಾಲ್ಸೈಟ್ (ಕ್ಯಾಲ್ಸಿಯಂ ಕಾರ್ಬೊನೇಟಿನ ಖನಿಜ) ಇರಬಹುದು. ಒಂದು ಗಟ್ಟಿ ಉಕ್ಕಿನ ಮೊಳೆ ತೆಗೆದುಕೊಂಡು ಪಟ್ಟೆಯ ಮೇಲೆ ಒತ್ತಿ ಗೀಚಿ. ಬೆಣಚಾದರೆ ಮೊಳೆ ಜಾರುತ್ತದೆ, ಕಲ್ಲಿನ ಮೇಲೆ ಬೂದು ಲೋಹದ ಗೆರೆ ಉಳಿಯುತ್ತದೆ. ಅದು ಮೊಳೆಯೇ ಸವೆದ ಗುರುತು, ಒರೆಸಿದರೆ ಕೆಳಗೆ ಗಾಯ ಇರುವುದಿಲ್ಲ. ಕ್ಯಾಲ್ಸೈಟ್ ಆದರೆ ಮೊಳೆ ಕಚ್ಚಿ ಒಳಗಿಳಿಯುತ್ತದೆ, ಬಿಳಿ ಹಿಟ್ಟು ಏಳುತ್ತದೆ. ಖನಿಜಗಳ ಗಡಸುತನದ ಅಳತೆಯಲ್ಲಿ ಕ್ಯಾಲ್ಸೈಟ್ 3, ಬೆಣಚು 7, ಉಕ್ಕು ಇವೆರಡರ ನಡುವೆ ಬರುತ್ತದೆ. ಆ ಹಿಟ್ಟನ್ನು ಊದಬೇಡಿ, ವಿನೆಗರ್ ಹನಿ ಅದರ ಮೇಲೇ ಬೀಳಬೇಕು.

ವಿನೆಗರ್ ಪರೀಕ್ಷೆಯನ್ನು ಹೆಚ್ಚಿನವರು ಅವಸರದಲ್ಲಿ ಮಾಡುತ್ತಾರೆ. ಒಣಕಲ್ಲಿನ ಮೇಲೆ ಮೊದಲು ಬರಿ ನೀರಿನ ಹನಿ ಬಿಟ್ಟು ನೋಡಿ. ಸಣ್ಣ ತೂತುಗಳಲ್ಲಿದ್ದ ಗಾಳಿ ಹೊರಬಂದು ಗುಳ್ಳೆ ಏಳುವುದುಂಟು, ಅದು ಸುಣ್ಣವಲ್ಲ. ಆಮೇಲೆ ಪಕ್ಕದಲ್ಲಿ ಹೊಸದಾಗಿ ಗೀಚಿದ ಜಾಗಕ್ಕೆ ವಿನೆಗರ್ ಬಿಟ್ಟು, ಕಿವಿ ಹತ್ತಿರ ತಂದು ಕೇಳಿ, ಭೂತಗನ್ನಡಿ ಇದ್ದರೆ ಹಿಡಿದು ನೋಡಿ. ಸುಣ್ಣಕಲ್ಲಾದರೆ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ನಿಲ್ಲದೆ ಏಳುತ್ತವೆ, ಕೆಲವೊಮ್ಮೆ ಚುರ್ರೆನ್ನುವ ಸದ್ದು ಬರುತ್ತದೆ. ಪಾಚಿ, ಮಣ್ಣು ಕಟ್ಟಿದ ಹೊರಮೈ ಮೇಲೆ ಬಿಟ್ಟರೆ ಆಮ್ಲ ಕಲ್ಲನ್ನು ಮುಟ್ಟುವುದೇ ಇಲ್ಲ.

ಗುಳ್ಳೆ ಬಂದರೆ ಸುಣ್ಣ ಇದೆ ಎಂದು ನಂಬಬಹುದು. ಬರದಿದ್ದರೆ ಇಲ್ಲ ಎಂದು ನಂಬುವಂತಿಲ್ಲ. ವಿನೆಗರ್‌ನಲ್ಲಿ ಅಸಿಟಿಕ್ ಆಮ್ಲ ಸುಮಾರು ನೂರಕ್ಕೆ ಐದರಷ್ಟು ಮಾತ್ರ, ಅದೂ ದುರ್ಬಲ ಆಮ್ಲ. ಸುಣ್ಣದ ಜೊತೆ ಮೆಗ್ನೀಸಿಯಂ ಸೇರಿದ ಡೋಲೊಮೈಟ್ ಎಂಬ ಕಲ್ಲು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ, ಪುಡಿ ಮಾಡಿದರೆ ಮಾತ್ರ ಸ್ವಲ್ಪ ಗುಳ್ಳೆ. ಅದಕ್ಕೆಂದು ನೆಲ ತೊಳೆಯುವ ಬಲವಾದ ಆಸಿಡ್‌ಗೆ ಹೋಗಬೇಡಿ. ಕಣ್ಣಿಗೆ, ಉಸಿರಿಗೆ ಅಪಾಯ, ಅಷ್ಟು ಅಪಾಯ ಮೈಮೇಲೆ ಎಳೆದುಕೊಳ್ಳುವ ಅಗತ್ಯವೇ ಇಲ್ಲ. ಬಕೆಟ್ ಇದೆ.

ನಾನು ಪೂರ್ತಿ ನಂಬುವುದು ಬಕೆಟ್ ಪರೀಕ್ಷೆಯನ್ನು. ಒಂದೇ ಸಲಕ್ಕೆ ಹಿಡಿದ ನಲ್ಲಿ ನೀರನ್ನು ಎರಡು ಬಕೆಟಿಗೆ ಹಾಕಿ. ಒಂದರಲ್ಲಿ ಕಲ್ಲು, ಇನ್ನೊಂದು ಖಾಲಿ. ಕಲ್ಲು ಮುಳುಗುವಷ್ಟೇ ನೀರು ಸಾಕು, ನೀರು ಕಡಿಮೆ ಇದ್ದಷ್ಟೂ ಬದಲಾವಣೆ ಬೇಗ ಕಾಣುತ್ತದೆ. ಆವಿಯಾಗಿ ಲೆಕ್ಕ ತಪ್ಪದಂತೆ ಎರಡನ್ನೂ ಮುಚ್ಚಿಡಿ. ಶುರುವಿನಲ್ಲಿ, ವಾರ ಕಳೆದ ಮೇಲೆ, ಎರಡು ವಾರಕ್ಕೆ ಕೆಎಚ್ ಮತ್ತು ಜಿಎಚ್ ನೋಡಿ. ಪಿಎಚ್ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ, ಯಾಕೆಂದರೆ ನಲ್ಲಿ ನೀರು ಸುಮ್ಮನೆ ನಿಂತರೂ ಅದರಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ತಾನಾಗಿಯೇ ಏರಬಹುದು. ಖಾಲಿ ಬಕೆಟ್ ಇಡುವುದು ಅದಕ್ಕೇ. ಇನ್ನೊಂದು ಉಪಾಯ: ನಿಮ್ಮ ಕಿಟ್ 5 ಮಿಲಿ ನೀರಿಗೆ ಹನಿಗೆ ಒಂದು ಡಿಗ್ರಿ ಎಂದು ಎಣಿಸುವಂಥದ್ದಾದರೆ, 10 ಮಿಲಿ ತೆಗೆದುಕೊಳ್ಳಿ. ಆಗ ಒಂದು ಹನಿ ಅರ್ಧ ಡಿಗ್ರಿ ಆಗುತ್ತದೆ, ಸಣ್ಣ ಏರಿಕೆಯೂ ಸಿಕ್ಕಿಬೀಳುತ್ತದೆ.

ಚಿನ್ನದ ಚುಕ್ಕೆ ಬಗ್ಗೆ ಎಚ್ಚರ ಬೇಕು. ಹೆಚ್ಚಾಗಿ ಅದು ಕಾಗೆಬಂಗಾರ ಆಗಿರುತ್ತದೆ, ಅದರಿಂದ ತೊಂದರೆಯಿಲ್ಲ. ಆದರೆ ಪೈರೈಟ್ ಆಗಿದ್ದರೆ ಗಂಧಕ ಮತ್ತು ಕಬ್ಬಿಣದ ಸಂಯುಕ್ತ ಅದು. ಗಾಳಿ, ನೀರು ತಾಗಿ ಕೊಳೆತಾಗ ಸಲ್ಫ್ಯೂರಿಕ್ ಆಮ್ಲ ಬಿಡುತ್ತದೆ. ಸೂಜಿಯ ಮೊನೆಯಿಂದ ಎಬ್ಬಿಸಿ ನೋಡಿ: ಕಾಗೆಬಂಗಾರ ಪುಸ್ತಕದ ಹಾಳೆಯಂತೆ ತೆಳ್ಳಗೆ ಸುಲಿದು ಬರುತ್ತದೆ, ಬಾಗುತ್ತದೆ, ಕೋನ ಬದಲಿಸಿದರೆ ಹೊಳಪು ಮಾಯವಾಗುತ್ತದೆ. ಪೈರೈಟ್ ಹಿತ್ತಾಳೆ ಬಣ್ಣದ ಗಟ್ಟಿ ಕಣ, ಎಷ್ಟೋ ಸಲ ಪುಟ್ಟ ಘನಾಕೃತಿ, ಸೂಜಿಗೆ ಜಗ್ಗುವುದಿಲ್ಲ. ಟೈಲ್ಸಿನ ಹಿಂಬದಿಯ ಒರಟು ಮೈ ಮೇಲೆ ಉಜ್ಜಿದರೆ ಹಸಿರುಗಪ್ಪು ಗೆರೆ ಬಿಡುತ್ತದೆ. ಹಾಗೆ ಕಂಡರೆ ಆ ಕಲ್ಲು ಟ್ಯಾಂಕಿಗೆ ಬೇಡ. ಕಡು ಹಸಿರು ಅಥವಾ ನೀಲಿ ಕಲೆಗಳಿರುವ ಕಲ್ಲೂ ಬೇಡ, ತಾಮ್ರದ ಖನಿಜ ಇರಬಹುದು. ಮೀನು ತಡೆದುಕೊಳ್ಳುವ ಪ್ರಮಾಣದ ತಾಮ್ರವೂ ಸೀಗಡಿಯನ್ನು, ಬಸವನಹುಳುವನ್ನು ಕೊಲ್ಲುತ್ತದೆ.

ಪದರದ ಕಲ್ಲನ್ನು ಬೆರಳ ಗೆಣ್ಣಿನಿಂದ ತಟ್ಟಿ. ಸ್ಲೇಟ್ ಆದರೆ ಠಣ್ಣೆನ್ನುತ್ತದೆ. ಶೇಲ್ ಆದರೆ ಮಂದ ಸದ್ದು, ಒದ್ದೆ ಮಾಡಿದರೆ ಮಣ್ಣಿನ ವಾಸನೆ. ಶೇಲ್ ನೀರಿನಲ್ಲಿ ಮೆತ್ತಗಾಗಿ ಕೆಸರು ಬಿಡುತ್ತದೆ.

ಕೊನೆಗೆ ಕುದಿಸುವ ವಿಷಯ. ನೀರ್ಗುಳ್ಳೆಯವರೇ, ನಿಮಗೆ ಏನೂ ಆಗಿಲ್ಲ ಅಂದರೆ ನಿಮ್ಮ ಕಲ್ಲುಗಳು ಗಟ್ಟಿ ಇದ್ದವು. ಬಿರುಕಿರುವ ಅಥವಾ ಪದರದ ಕಲ್ಲು ಬಿಸಿಯಾಗುವಾಗ ಹೊರಗೆ ಒಳಗೆ ಸಮನಾಗಿ ಹಿಗ್ಗುವುದಿಲ್ಲ. ಸೀಳಿದರೆ ಚೂರೂ ಕುದಿಯುವ ನೀರೂ ಮುಖಕ್ಕೆ ಸಿಡಿಯುತ್ತದೆ. ಓವನ್, ಮೈಕ್ರೋವೇವ್, ಬೆಂಕಿ ಇದಕ್ಕಿಂತಲೂ ಕೆಟ್ಟದ್ದು. ನೀರು ಆವಿಯಾದರೆ ಸುಮಾರು 1,600 ಪಟ್ಟು ಜಾಗ ಬೇಕು, ಒಳಗೆ ಸಿಕ್ಕಿಕೊಂಡ ಆವಿ ಕಲ್ಲನ್ನು ಒಡೆದುಕೊಂಡೇ ಬರುತ್ತದೆ. ಗಟ್ಟಿ ಬ್ರಷ್ಷಿನಿಂದ ಉಜ್ಜಿ, ಬಿಸಿಲಿನಲ್ಲಿ ಹಲವು ದಿನ ಪೂರ್ತಿ ಒಣಗಿಸಿ. ನೀರಿನಲ್ಲಿ ಬದುಕುವ ಬಹಳಷ್ಟು ಜೀವಿಗಳಿಗೆ ಅಷ್ಟು ಒಣಗುವುದೇ ಸಾವು. ದಯವಿಟ್ಟು ನೀವೂ ಕುದಿಸುವುದನ್ನು ಬಿಟ್ಟುಬಿಡಿ, ಕಣ್ಣು ಮತ್ತೆ ಬರುವುದಿಲ್ಲ.

ಬಂಡೆಸಂದಿ:

ಬೆಣಚು ಮೇಡಂ ಹೇಳಿದ್ದಕ್ಕೆ ಒಂದೆರಡು ಸೇರಿಸ್ತೀನಿ. ನಾನು ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನು ಸಾಕೋನು. ಅವಕ್ಕೆ ಗಡಸು ನೀರು, 8ರ ಆಸುಪಾಸಿನ ಪಿಎಚ್ ಬೇಕು. ಹಾಗಾಗಿ ನನ್ನ ಟ್ಯಾಂಕಲ್ಲಿ ಸುಣ್ಣಕಲ್ಲನ್ನು ಬೇಕಂತಲೇ ಇಟ್ಟಿದ್ದೀನಿ. ಗಪ್ಪಿ, ಮೋಲಿ ಸಾಕೋರಿಗೂ ಅದರಿಂದ ತಕರಾರಿಲ್ಲ. ನಿಯಾನ್ ಟೆಟ್ರಾಗೆ ಮೃದು ನೀರೇ ಇಷ್ಟ, ನಿಮ್ಮ ನೀರು ಈಗಾಗಲೇ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ, ಕೆಡಿಸ್ಕೋಬೇಡಿ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಕೂರಿಸೋದರ ಬಗ್ಗೆ. ಮೊದಲು ಕಲ್ಲು, ಆಮೇಲೆ ಮರಳು. ಮರಳಿನ ಮೇಲೆ ಕಲ್ಲು ಪೇರಿಸಿದರೆ ಮೀನು ಅಡಿಯಿಂದ ಮರಳು ತೋಡುತ್ತೆ, ಒಂದು ರಾತ್ರಿ ಇಡೀ ರಾಶಿ ಜಾರಿ ಗಾಜಿಗೆ ಬೀಳುತ್ತೆ. ನನ್ನ ಸಿಕ್ಲಿಡ್‌ಗಳು ಇದರಲ್ಲಿ ಪಳಗಿದವು. ಕೋರಿಡೋರಾಸ್ ಅಷ್ಟು ತೋಡಲ್ಲ, ಆದರೂ ಅಭ್ಯಾಸ ಒಳ್ಳೇದು. ತಳದ ಗಾಜಿನ ಮೇಲೆ ತೆಳು ಫೋಮ್ ಹಾಳೆ ಅಥವಾ ಪ್ಲಾಸ್ಟಿಕ್ ಜಾಲರಿ ಹಾಸಿ, ಅದರ ಮೇಲೆ ಕಲ್ಲಿನ ಅಗಲವಾದ ಮೈ ಕೆಳಗೆ ಬರೋ ಹಾಗೆ ಕೂರಿಸಿ. ಗಾಜು ಹರಡಿದ ಭಾರ ಹೊರುತ್ತೆ, ಒಂದೇ ಚೂಪು ಮೂಲೆ ಒತ್ತಿದರೆ ಬಿರಿಯುತ್ತೆ.

ಭಾರದ ಲೆಕ್ಕ ಬೇಕಾದರೆ: 10 ಕೆಜಿ ಗ್ರಾನೈಟ್ ಸುಮಾರು 3.8 ಲೀಟರ್ ನೀರಿನ ಜಾಗ ತಗೊಳ್ಳುತ್ತೆ. ನೀರಿನ ಮಟ್ಟ ಅಷ್ಟೇ ಇಟ್ಟರೆ ಸ್ಟ್ಯಾಂಡ್ ಮೇಲೆ ಹೆಚ್ಚೋದು ಸುಮಾರು 6.2 ಕೆಜಿ. ಔಷಧಿ ಹಾಕುವಾಗಲೂ ಇದು ನೆನಪಿರಲಿ, 100 ಲೀಟರ್ ಟ್ಯಾಂಕ್ ಅಂದರೂ ಕಲ್ಲು, ಮರಳು ಹೋಗಿ ಒಳಗಿರೋ ನೀರು ಅದಕ್ಕಿಂತ ಕಡಿಮೆ.

ಒಂದರ ಮೇಲೊಂದು ಪೇರಿಸೋದಾದರೆ, ಅಲುಗಾಡಿಸಿ ನೋಡಿ. ಕೈಯಲ್ಲಿ ತಳ್ಳಿದಾಗ ಕದಲಿದರೆ ಸಿಲಿಕೋನ್ ಹಚ್ಚಿ, ಬೂಷ್ಟು ತಡೆಯುವ ರಾಸಾಯನಿಕ ಸೇರಿಸದ ಅಕ್ವೇರಿಯಂ ಸಿಲಿಕೋನ್ ಮಾತ್ರ. ಹಳೇ ನೈಲಾನ್ ಕಾಲುಚೀಲ ಕೈಗೆ ಹಾಕ್ಕೊಂಡು ಕಲ್ಲಿನ ಮೇಲೆಲ್ಲ ಸವರಿ. ಎಲ್ಲಿ ನೂಲು ಸಿಕ್ಕಿಕೊಳ್ಳುತ್ತೋ ಅಲ್ಲಿ ಮೀನಿನ ರೆಕ್ಕೆಯೂ ಹರಿಯುತ್ತೆ, ಕೋರಿಡೋರಾಸ್ ಮೀಸೆಯೂ ಸವೆಯುತ್ತೆ. ಆ ಮೂಲೆಯನ್ನ ಒರಟು ಕಲ್ಲಿಗೆ ಉಜ್ಜಿ ಮೊಂಡು ಮಾಡಿ.

ಹೊಸತೊಟ್ಟಿ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೊಳೆ ತಗೊಂಡು ಕೂತೆ. ಬಿಳಿ ಪಟ್ಟೆ ಮೇಲೆ ಬಿಳಿ ಹಿಟ್ಟು ಬಂತು, ವಿನೆಗರ್‌ಗೆ ಗುಳ್ಳೆಯೂ ಬಂತು, ನಿಲ್ಲದೆ ಬರ್ತಾನೇ ಇತ್ತು. ಪಟ್ಟೆಯ ಆಚೀಚೆ ಬೂದು ಭಾಗದಲ್ಲಿ ಏನೂ ಇಲ್ಲ. ಚಿನ್ನದ ಚುಕ್ಕೆ ಸೂಜಿಗೆ ಹಾಳೆಯಾಗಿ ಎದ್ದು ಬಂತು, ಸಮಾಧಾನ ಆಯ್ತು. ಪದರದ ಕಲ್ಲು ತಟ್ಟಿದರೆ ಠಣ್ ಅನ್ನಲ್ಲ, ನೆನೆಸಿದ ನೀರು ಕಂದು ಬಣ್ಣಕ್ಕೆ ತಿರುಗ್ತು, ಅದನ್ನ ಹೊರಗಿಟ್ಟೆ. ಕಪ್ಪು ಕಲ್ಲುಗಳು ಮತ್ತು ಪಟ್ಟೆ ಕಲ್ಲು ಬೇರೆ ಬೇರೆ ಬಕೆಟಲ್ಲಿ ಇವೆ, ಜೊತೆಗೆ ಖಾಲಿ ಬಕೆಟ್.

ಇನ್ನೊಂದು ಪ್ರಶ್ನೆ. ಕಪ್ಪು ಕಲ್ಲುಗಳ ಸಂದಿಯಲ್ಲಿ ಪಾಚಿ ಗಟ್ಟಿಯಾಗಿ ಅಂಟಿದೆ, ಬ್ರಷ್ಷಿಗೆ ಬರ್ತಿಲ್ಲ. ವಿನೆಗರ್ ಹಾಕಿದ ಮೇಲೆ ಬ್ಲೀಚಲ್ಲಿ ನೆನೆಸಬಹುದಾ?

ಬೆಣಚು:

ನಿಲ್ಲಿ, ವಿನೆಗರ್ ಮತ್ತು ಬ್ಲೀಚ್ ಯಾವ ಕಾರಣಕ್ಕೂ ಒಂದನ್ನೊಂದು ಮುಟ್ಟಬಾರದು. ಬ್ಲೀಚಿಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ. ವಿನೆಗರ್ ಹಾಕಿದ ಕಲ್ಲುಗಳನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಒಂದು ದಿನ ಬರಿ ನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ, ಆಮೇಲೆ ಬ್ಲೀಚ್ ಬಗ್ಗೆ ಯೋಚಿಸಿ. ಬಕೆಟ್ ಪರೀಕ್ಷೆಯ ನಡುವೆ ಬೇಡ, ಅದು ಮುಗಿಯಲಿ.

ಆಗ ಸುವಾಸನೆ, ನೊರೆ ಸೇರಿಸದ ಸಾದಾ ಬ್ಲೀಚ್ ಒಂದು ಪಾಲು, ನೀರು 20 ಪಾಲು. ಕೈಗವಸು ಹಾಕಿ, ಗಾಳಿಯಾಡುವ ಕಡೆ ಇಟ್ಟು, ಪಾಚಿ ಬೆಳ್ಳಗಾದ ಕೂಡಲೇ ತೆಗೆಯಿರಿ. ತೊಳೆದು, ಆಂಟಿ-ಕ್ಲೋರಿನ್ ಹನಿಗಳನ್ನು ಹೆಚ್ಚಾಗಿಯೇ ಹಾಕಿದ ನೀರಿನಲ್ಲಿ ನೆನೆಸಿ, ಬಿಸಿಲಿಗಿಡಿ. ಮೂಗಿನ ಹತ್ತಿರ ಹಿಡಿದಾಗ ವಾಸನೆ ಇರಬಾರದು. ಇದು ನಿಮ್ಮ ಕಪ್ಪು ಕಲ್ಲಿನಂಥ ಗಟ್ಟಿ ಕಲ್ಲಿಗೆ ಮಾತ್ರ. ತೂತು ತೂತಾದ ಕಲ್ಲು ಬ್ಲೀಚನ್ನು ಹೀರಿಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತದೆ. ನಿಜ ಹೇಳಬೇಕೆಂದರೆ, ಒಣಗಿದ ಪಾಚಿ ಅಲ್ಲೇ ಇದ್ದರೂ ನಷ್ಟವಿಲ್ಲ, ಸೀಗಡಿ ಬಂದರೆ ಅದೇ ಕೆರೆದು ತಿನ್ನುತ್ತದೆ. ನಾನಾದರೆ ಬ್ಲೀಚಿಗೆ ಹೋಗುವುದಿಲ್ಲ.

ಕೇಳದೇ ಇದ್ದರೂ ಹೇಳುತ್ತೇನೆ. ರಸ್ತೆ ಬದಿ, ರೈಲು ಹಳಿ, ಕಾರ್ಖಾನೆ ಕೆಳಗಿನ ನಾಲೆ, ಔಷಧಿ ಹೊಡೆಯುವ ಹೊಲದ ಬದು, ಗಣಿ ತ್ಯಾಜ್ಯದ ರಾಶಿ, ಇಲ್ಲಿನ ಕಲ್ಲಿಗೆ ಎಣ್ಣೆ, ವಿಷ ಏನು ಹತ್ತಿರುತ್ತದೋ ಮನೆಯ ಯಾವ ಪರೀಕ್ಷೆಯೂ ತೋರಿಸುವುದಿಲ್ಲ. ಸಂರಕ್ಷಿತ ಕಾಡಿನಿಂದ ತರುವುದೂ ಬೇಡ. ಹೊಳೆಯ ನೀರೊಳಗಿನ ಕಲ್ಲನ್ನು ಎತ್ತಿದರೆ ಅದರಡಿ ಬದುಕುವ ಹುಳುಗಳ ಮನೆ ಹೋಗುತ್ತದೆ. ನೀವು ದಂಡೆಯ ಒಣಕಲ್ಲು ಆರಿಸಿದ್ದು ಬಹಳ ಒಳ್ಳೆಯದಾಯಿತು.

ಹೊಸತೊಟ್ಟಿ:

ಬಕೆಟ್ ಪರೀಕ್ಷೆ ಮುಗೀತು. ಖಾಲಿ ಬಕೆಟ್: ಕೆಎಚ್ 3, ಜಿಎಚ್ 5, ಪಿಎಚ್ ಮಾತ್ರ 7.6ಕ್ಕೆ ಹೋಗಿದೆ, ನೀವು ಹೇಳಿದ ಹಾಗೇ. ಕಪ್ಪು ಕಲ್ಲು, ಕಾಗೆಬಂಗಾರದ ಕಲ್ಲು: ಕೆಎಚ್, ಜಿಎಚ್ ಎರಡೂ ಖಾಲಿ ಬಕೆಟಿನಷ್ಟೇ. ಪಟ್ಟೆ ಕಲ್ಲು 4 ಲೀಟರ್ ನೀರಲ್ಲಿತ್ತು, ಕೆಎಚ್ 3ರಿಂದ 5ಕ್ಕೆ, ಜಿಎಚ್ 5ರಿಂದ 7ಕ್ಕೆ ಏರಿದೆ. ಹಾಗಾದರೆ ಪಟ್ಟೆ ಕಲ್ಲು ಬಿಟ್ಟುಬಿಡಬೇಕಾ? ಮನಸ್ಸು ಬರ್ತಿಲ್ಲ.

ಬೆಣಚು:

ಬಿಡಬೇಕಾಗಿಲ್ಲ. 4 ಲೀಟರಿನಲ್ಲಿ 2 ಡಿಗ್ರಿ ಏರಿಸಿದ್ದು 100 ಲೀಟರಿನಲ್ಲಿ ಹಂಚಿಹೋದರೆ ಒಂದು ಡಿಗ್ರಿಯ ಹತ್ತನೇ ಒಂದು ಭಾಗವೂ ಆಗುವುದಿಲ್ಲ. ಲೆಕ್ಕ ಇಷ್ಟು ನೇರವಾಗಿರುವುದಿಲ್ಲ ನಿಜ. ಬಕೆಟಿನಲ್ಲಿ ನೀರು ಗಡಸಾಗುತ್ತಾ ಹೋದಂತೆ ಕರಗುವುದು ನಿಧಾನವಾಗಿರುತ್ತದೆ. ಟ್ಯಾಂಕಿನಲ್ಲಿ ನೀರು ಮೃದುವಾಗಿಯೇ ಇರುತ್ತದೆ, ಓಡುತ್ತದೆ, ಮೀನೂ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಹಾಗಾಗಿ ಇದಕ್ಕಿಂತ ಹೆಚ್ಚು ಕರಗಬಹುದು. ನಾಲ್ಕೈದು ಪಟ್ಟು ಎಂದುಕೊಂಡರೂ ಎರಡು ವಾರಕ್ಕೆ ಅರ್ಧ ಡಿಗ್ರಿಯೊಳಗೇ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವವರಿಗೆ ಅದು ಗೊತ್ತೂ ಆಗುವುದಿಲ್ಲ. ಚೆರ್ರಿ ಸೀಗಡಿ ಚಿಪ್ಪು ಕಟ್ಟಿಕೊಳ್ಳಲು ಕ್ಯಾಲ್ಸಿಯಂ ಬೇಕೇ ಬೇಕು, ಅದಕ್ಕೆ ಇದರಿಂದ ಒಳ್ಳೆಯದೇ.

ಇಂಥದೇ ಕಲ್ಲು ಹತ್ತು ಹಾಕಿ ಗುಡ್ಡ ಕಟ್ಟುತ್ತೇನೆ ಎಂದಿದ್ದರೆ ಬೇಡ ಎನ್ನುತ್ತಿದ್ದೆ. ಒಂದಕ್ಕೆ ಅಡ್ಡಿಯಿಲ್ಲ.

ಎಲ್ಲ ಕೂರಿಸಿ ನೀರು ತುಂಬಿದ ಮೇಲೆ ಮೊದಲ ತಿಂಗಳು ವಾರವಾರ, ನೀರು ಬದಲಿಸುವ ಮುಂಚೆ, ಕೆಎಚ್ ನೋಡಿ ಬರೆದಿಟ್ಟುಕೊಳ್ಳಿ. 10 ಮಿಲಿ ಲೆಕ್ಕದಲ್ಲೇ ನೋಡಿ. ಏರುತ್ತಲೇ ಹೋಗಿ 5 ದಾಟಿದರೆ ಮಾತ್ರ ಪಟ್ಟೆ ಕಲ್ಲು ಹೊರಗೆ ತೆಗೆಯಿರಿ. ಹಾಗಾಗಿ ಅದರ ಮೇಲೆ ಬೇರೆ ಕಲ್ಲು ಪೇರಿಸಬೇಡಿ, ಮುಂದೆ ಒಂಟಿಯಾಗಿ ಕೂರಿಸಿ, ಕೈ ಹಾಕಿ ಎತ್ತುವ ಹಾಗಿರಲಿ.